ಹತ್ತಕ್ಕೆ ಹತ್ತು ಕೂಡುವುದಿಲ್ಲ

"ಟಿಯಾಗ್ರಾ ಅಂದ್ರ ಟಿಯಾಗ್ರಾ, ಹತ್ತಂದ್ರ ಹತ್ತು. ಕೂಡತಾವ ತಗೋರಿ ಅಣ್ಣಾರ."

ಪುಣೆಯ ಸೈಕಲ್ ರಿಪೇರಿ ಅಂಗಡಿಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಹುಡುಗರು ಪಾನಾ ಹಿಡಿದು ಕೂತಿರುವುದು ಅಪರೂಪವೇನಲ್ಲ. ಕನ್ನಡ ಕಿವಿಗೆ ಬಿದ್ದ ಖುಷಿಯಲ್ಲೇ ಗಿರಾಕಿ ಅರ್ಧ ಒಪ್ಪಿಬಿಟ್ಟಿರುತ್ತಾನೆ. ಡಬ್ಬಿಯ ಮೇಲೂ ಅದೇ ಅಚ್ಚಾಗಿದೆ: ಟಿಯಾಗ್ರಾ, 10-ಸ್ಪೀಡ್, ಅಂದರೆ ಶಿಮಾನೊ ಕಂಪನಿಯ ರೋಡ್ ಬೈಕಿನ ಗೇರಿನ ಒಂದು ಸೆಟ್, ಹಿಂದೆ ಹತ್ತು ಗೇರು. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಳೆ ಡಿರೇಲರ್ ಎಲ್ಲೋ ಗುಂಡಿಯಲ್ಲಿ ಬಿದ್ದು ಮುರಿದಿದೆ, ಹ್ಯಾಂಡಲ್ಲಿನಲ್ಲಿ ಗೇರು ಬದಲಿಸುವ ಶಿಫ್ಟರು ಇನ್ನೂ ಗಟ್ಟಿಯಾಗಿದೆ, ಹೊಸ ಡಿರೇಲರ್ ಏರುತ್ತದೆ. ಸ್ಟ್ಯಾಂಡಿನ ಮೇಲೆ ಮೊದಲ ಗೇರು ಸರಿಯಾಗಿ ಬೀಳುತ್ತದೆ, ಎರಡನೆಯದು ಗೊಣಗುತ್ತದೆ, ನಾಲ್ಕನೆಯ ಹೊತ್ತಿಗೆ ಶಿಫ್ಟರು ಹೇಳಿದ್ದು ಒಂದು, ಚೈನು ಕೂತದ್ದು ಇನ್ನೊಂದು. ಮುಂದಿನ ಒಂದು ಗಂಟೆ ಕೇಬಲ್ಲಿನ ಬಿಗಿ ತಿದ್ದುವ ಬ್ಯಾರೆಲ್ ಅಡ್ಜಸ್ಟರಿಗೆ ಸೇವೆ. ಹುಡುಗನ ಕೈಚಳಕದಲ್ಲಿ ದೋಷವಿಲ್ಲ. ಹಳೆಯದು 4600 ಸರಣಿಯ ಟಿಯಾಗ್ರಾ, ಹೊಸದು 2015ರಲ್ಲಿ ಬಂದ 4700. ಹೆಸರು ಒಂದೇ, ಗೇರಿನ ಎಣಿಕೆ ಒಂದೇ, ಜಾತಕ ಮಾತ್ರ ಕೂಡುವುದಿಲ್ಲ.

ಯಾಕೆ ಕೂಡುವುದಿಲ್ಲ ಅನ್ನುವುದಕ್ಕೆ ಮೂರೇ ಅಂಕಿ ಸಾಕು. ಶಿಫ್ಟರು ಒಂದು ಕ್ಲಿಕ್ಕಿಗೆ ಎಷ್ಟು ಕೇಬಲ್ ಎಳೆಯುತ್ತದೆ, ಆ ಎಳೆತವನ್ನು ಡಿರೇಲರ್ ಎಷ್ಟು ಪಟ್ಟು ಮಾಡಿ ಪಕ್ಕಕ್ಕೆ ಸರಿಯುತ್ತದೆ, ಕ್ಯಾಸೆಟ್ಟಿನಲ್ಲಿ, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪಿನಲ್ಲಿ, ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಎಷ್ಟು ಅಂತರ. ಮೊದಲ ಎರಡರ ಗುಣಲಬ್ಧ ಮೂರನೆಯದಕ್ಕೆ ಸಮ ಬಂದರೆ ಗೇರು ಬೀಳುತ್ತದೆ. ಶಿಮಾನೊದ ಹಳೆ ರೋಡ್ ಡಿರೇಲರುಗಳು ಎಳೆತವನ್ನು ಸುಮಾರು 1.7 ಪಟ್ಟು ಮಾಡುತ್ತವೆ. 8-ಸ್ಪೀಡ್ ಶಿಫ್ಟರು ಕ್ಲಿಕ್ಕಿಗೆ ಸುಮಾರು 2.8 ಮಿ.ಮೀ. ಎಳೆಯುತ್ತದೆ, 1.7ರಿಂದ ಗುಣಿಸಿದರೆ 4.76, ಕ್ಯಾಸೆಟ್ಟಿನ ಅಂತರ 4.8. 9ರಲ್ಲಿ ಎಳೆತ 2.5, ಗುಣಿಸಿದರೆ 4.25, ಅಂತರ 4.35. 10ರಲ್ಲಿ 2.3, ಗುಣಿಸಿದರೆ 3.91, ಅಂತರ 3.95. ಮೂರೂ ಕಡೆ ಕೂದಲೆಳೆಯಷ್ಟು ಕಡಿಮೆ, ಆದರೂ ನಡೆಯುತ್ತದೆ. ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

2012ರಲ್ಲಿ ಡ್ಯುರಾ-ಏಸ್ 9000 ಎಂಬ ಸೆಟ್ಟಿನ ಜೊತೆ 11-ಸ್ಪೀಡ್ ಬಂದಾಗ ಶಿಮಾನೊ ಈ ಗುಣಕವನ್ನೇ 1.4ಕ್ಕೆ ಇಳಿಸಿತು, ಶಿಫ್ಟರಿನ ಎಳೆತವನ್ನು 2.7ಕ್ಕೆ ಏರಿಸಿತು. ಕೇಬಲ್ ಹೆಚ್ಚು ಎಳೆದು ಡಿರೇಲರನ್ನು ಕಡಿಮೆ ಸರಿಸಿದರೆ ಧೂಳು, ತುಕ್ಕು, ಕೇಬಲ್ಲಿನ ಸಡಿಲಗಳಿಂದಾಗುವ ತಪ್ಪೂ ಅಷ್ಟೇ ಕಡಿಮೆ ಪಟ್ಟಾಗುತ್ತದೆ. ಬುದ್ಧಿವಂತ ಬದಲಾವಣೆ, ಅದರಲ್ಲಿ ತಕರಾರಿಲ್ಲ. ಟಿಯಾಗ್ರಾ 4700 ಇದೇ 1.4ರ ಮನೆಗೆ ಸೇರಿತು, 10 ಗೇರು ಉಳಿಸಿಕೊಂಡೇ. ಈಗ ಹಳೆ 4600 ಶಿಫ್ಟರಿನ 2.3ನ್ನು 1.4ರಿಂದ ಗುಣಿಸಿ ನೋಡಿ: 3.22. ಬೇಕಾದದ್ದು 3.95. ಪ್ರತಿ ಕ್ಲಿಕ್ಕಿಗೆ ಮುಕ್ಕಾಲು ಮಿಲಿಮೀಟರಿನ ಹತ್ತಿರ ಕೊರತೆ. ಮೂರು ಕ್ಲಿಕ್ಕಿಗೆ ಎರಡು ಮಿಲಿಮೀಟರ್ ದಾಟಿತು, ಅಂದರೆ ಎರಡು ಹಲ್ಲುಚಕ್ರಗಳ ನಡುವಿನ ಅರ್ಧ ದಾರಿ. ಬ್ಯಾರೆಲ್ ಅಡ್ಜಸ್ಟರ್ ಇಡೀ ಸಾಲನ್ನು ಎಡಕ್ಕೋ ಬಲಕ್ಕೋ ಸರಿಸಬಲ್ಲದು, ಮೆಟ್ಟಿಲಿನ ಎತ್ತರವನ್ನು ಬದಲಿಸಲಾರದು.

ಹಾಗಾಗಿ ಹಳತು ಹೊಸತು ಬೆರೆಸುವವರು ಕಾಯಬೇಕಾದದ್ದು ಒಂದೇ ಜೋಡಿ, ಶಿಫ್ಟರು ಮತ್ತು ಹಿಂದಿನ ಡಿರೇಲರ್. ಈ ಎರಡನ್ನು ಬೇರೆ ಬೇರೆ ಮನೆಯಿಂದ ತರಬಾರದು. ಉಳಿದದ್ದರಲ್ಲಿ, ಅಂದರೆ ಪೆಡಲಿನ ಕ್ರ್ಯಾಂಕ್, ಚೈನು, ಚಕ್ರದ ನಡುವಿನ ಹಬ್, ಕ್ರ್ಯಾಂಕ್ ತಿರುಗುವ ಬಾಟಮ್ ಬ್ರ್ಯಾಕೆಟ್, ಕ್ಯಾಸೆಟ್ಟಿನ ಬ್ರ್ಯಾಂಡಿನಲ್ಲಿ, ಸೈಕಲ್ ತುಂಬ ಉದಾರಿ. ಡಬ್ಬಿಯ ಮೇಲಿನ ಗೇರಿನ ಎಣಿಕೆ ಈ ನಂಟಸ್ತನವನ್ನು ಹೇಳುವುದೇ ಇಲ್ಲ, ಕೆಲವೊಮ್ಮೆ ತಲೆಕೆಳಗಾಗಿ ಹೇಳುತ್ತದೆ. ಜಿಆರ್‌ಎಕ್ಸ್ ಆರ್‌ಎಕ್ಸ್400 ಡಿರೇಲರಿನ ಮೇಲೆ 10-ಸ್ಪೀಡ್ ಎಂದಿದೆ. ಅದು ಶಿಮಾನೊದ ಇನ್ನೊಂದು ಸೆಟ್ಟಾದ 11-ಸ್ಪೀಡ್ 105ರ ಶಿಫ್ಟರಿನ ಜೊತೆ ನಡೆಯುತ್ತದೆ, ಹಳೆ 10-ಸ್ಪೀಡ್ 105ರ ಜೊತೆ ನಡೆಯುವುದಿಲ್ಲ. ಅತ್ತ 9-ಸ್ಪೀಡ್ ಮೌಂಟನ್ ಬೈಕಿನ ಡಿಯೋರ್ ಎಂ591, ಅಲಿವಿಯೊ ಎಂ4000 ಹಳೆ 1.7ರ ಮನೆಯವು. ರೋಡ್ ಬೈಕಿನ ಹಳೆ 8, 9, 10 ಮೂರೂ ಶಿಫ್ಟರುಗಳಿಗೆ ಕೂಡುತ್ತವೆ. ಮೌಂಟನ್ ಬೈಕಿನ 10-ಸ್ಪೀಡ್ ಡಿರೇಲರ್ ಮಾತ್ರ ಬೇರೆಯೇ ಗುಣಕದ್ದು, ಅದನ್ನು ಮುಟ್ಟಬೇಡಿ. ಇನ್ನೊಂದು ಹಳೆಯ ಅಪವಾದ 7400 ಸರಣಿಯ ಡ್ಯುರಾ-ಏಸ್: 1984ರಲ್ಲಿ ಕ್ಲಿಕ್ ಶಿಫ್ಟಿಂಗ್ ತಂದದ್ದೇ ಅದು, ಆದರೆ ಅದರ ಎಳೆತ ಶಿಮಾನೊದ ಬೇರೆ ಯಾವುದಕ್ಕೂ ಸರಿಹೊಂದುವುದಿಲ್ಲ. ಚೆಂದದ ಅಲ್ಯೂಮಿನಿಯಮ್ ಹೊಳಪಿಗೆ ಮರುಳಾಗಿ ಹಳೆ ಸಾಮಾನಿನ ಜುನಾ ಬಾಜಾರಿನಿಂದ ಹೊತ್ತು ತಂದರೆ ಫ್ರಿಕ್ಷನ್ ಲಿವರ್ ಹಾಕಿ ಓಡಿಸಿ. ಫ್ರಿಕ್ಷನ್ನಿಗೆ ಕ್ಲಿಕ್ಕೂ ಇಲ್ಲ, ಮಡಿಮೈಲಿಗೆಯೂ ಇಲ್ಲ.

ಇಷ್ಟು ತಲೆನೋವು ಯಾಕೆ, ಇಡೀ ಸೆಟ್ ಬದಲಿಸಿದರಾಗದೇ ಎನ್ನುವವರು ಪುಣೆಯ ಸುತ್ತ ಏರು ಹತ್ತಿರಲಾರರು. ಹಿಂದಿನ ಎಷ್ಟೋ ರೋಡ್ ಬೈಕುಗಳು ಮುಂದೆ 50/34, ಹಿಂದೆ 12-25 ಹಲ್ಲುಗಳ ಚಕ್ರ ಹಾಕಿಕೊಂಡೇ ಬರುತ್ತಿದ್ದವು. ಸಪಾಟು ಊರಿಗೆ ಅದು ಸರಿ. ಇಲ್ಲಿ ಯಾವ ದಿಕ್ಕಿಗೆ ಹೊರಟರೂ ಘಾಟ್: ಸಿಂಹಗಡ, ಬೋಪದೇವ್, ಕಾತ್ರಜ್. ಬೆಳಗಾವಿಯ ದಾರಿ ಹಿಡಿದರೆ ಖಂಬಾಟಕಿ, ಅಲ್ಲಿಂದ ಗೋವಾಕ್ಕೆ ಇಳಿದು ಮರಳುವವರಿಗೆ ಚೋರ್ಲಾ. 34ಕ್ಕೆ 25 ಅಂದರೆ ಒಂದು ತುಳಿತಕ್ಕೆ ಚಕ್ರ 1.36 ಸುತ್ತು. ಚಕ್ರದ ಸುತ್ತಳತೆ 2.1 ಮೀಟರ್ ಎಂದು ಹಿಡಿದರೆ, ನಿಮಿಷಕ್ಕೆ 60 ತುಳಿತದಲ್ಲಿ ಗಂಟೆಗೆ 10.3 ಕಿ.ಮೀ. ಸಿಂಹಗಡದ ಕಡಿದಾದ ತಿರುವಿನಲ್ಲಿ ಆ ವೇಗ ಹಿಡಿಯಲಾಗದವನ ತುಳಿತ 45ಕ್ಕೆ ಇಳಿಯುತ್ತದೆ, ಮೊಣಕಾಲು ಮಾತಾಡತೊಡಗುತ್ತದೆ. ಹಿಂದೆ 34 ಹಲ್ಲಿನ ಚಕ್ರವಿದ್ದರೆ ಅದೇ 60 ತುಳಿತಕ್ಕೆ 7.6 ಕಿ.ಮೀ. ಸಾಕು. ಹಳೆ ಬೈಕಿಗೆ ಹೊಸ ಭಾಗ ಬೇಕಾಗುವುದು ಹೆಚ್ಚಾಗಿ ಇದಕ್ಕೇ.

ಒಂದು ಬೈಕನ್ನೇ ಮುಂದಿಟ್ಟುಕೊಂಡು ನೋಡೋಣ. 4600 ಟಿಯಾಗ್ರಾ ಶಿಫ್ಟರು, 50/34 ಕ್ರ್ಯಾಂಕ್, ಚಿಕ್ಕ ಕೇಜಿನ (ಚೈನಿನ ಸಡಿಲ ಹಿಡಿಯುವ ತೋಳಿನ) ಹಳೆ ಡಿರೇಲರ್. ಜೊತೆಗೆ ಹೊಸ ಚಕ್ರ ತಂದಿದ್ದಾರೆ, ಅದರ ಫ್ರೀಹಬ್, ಅಂದರೆ ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ, 11-ಸ್ಪೀಡಿನದು. ಬೇಕಾಗಿರುವುದು 11-34.

ಮೊದಲು ಡಿರೇಲರ್. ಎರಡು ಪ್ರಶ್ನೆ: ಅತಿ ದೊಡ್ಡ ಹಲ್ಲುಚಕ್ರವನ್ನು ಅದು ದಾಟೀತೇ, ಸಡಿಲಾದ ಚೈನನ್ನು ಸುತ್ತಿಟ್ಟುಕೊಂಡೀತೇ. ಎರಡನೆಯದರ ಲೆಕ್ಕ ಸುಲಭ. ಮುಂದಿನ ವ್ಯತ್ಯಾಸ 50ರಲ್ಲಿ 34 ಕಳೆದರೆ 16, ಹಿಂದಿನದು 34ರಲ್ಲಿ 11 ಕಳೆದರೆ 23, ಒಟ್ಟು 39. ಚಿಕ್ಕ ಕೇಜಿನ ರೋಡ್ ಡಿರೇಲರುಗಳ ಸಾಮರ್ಥ್ಯ 33ರ ಆಸುಪಾಸು, ಸಾಲದು. ಉದ್ದ ಕೇಜಿನ 9-ಸ್ಪೀಡ್ ಅಲಿವಿಯೊ ಅಥವಾ ಡಿಯೋರ್ ಹಾಕಿದರೆ 39 ದಾಟಿ ಉಳಿಯುತ್ತದೆ, ದೊಡ್ಡ 34ನ್ನೂ ದಾಟುತ್ತದೆ, ಗುಣಕ 1.7 ಆದ್ದರಿಂದ ಶಿಫ್ಟರಿಗೆ ಬದಲಾವಣೆಯೇ ಗೊತ್ತಾಗುವುದಿಲ್ಲ. ರೋಡ್ ಬೈಕಿಗೆ ಮೌಂಟನ್ ಬೈಕಿನ ಡಿರೇಲರ್ ನೇತುಬಿದ್ದರೆ ನೋಡಲು ಚೆನ್ನಾಗಿಲ್ಲ ಎನ್ನುವವರಿದ್ದಾರೆ. ಅವರು ಏರಿನಲ್ಲಿ ಹಿಂದೆ ನೋಡದಿರಲಿ.

ಕ್ಯಾಸೆಟ್ 10-ಸ್ಪೀಡಿನದೇ ಇರಬೇಕು, ಉದಾಹರಣೆಗೆ ಎಚ್‌ಜಿ500ರ 11-34. ಹಬ್ 11ರದ್ದಾದರೆ ಕ್ಯಾಸೆಟ್ ಕೂಡ 11ರದ್ದೇ ಬೇಕೇನೋ ಎಂದು ಹೆದರುವವರು ಬಹಳ. ಹೆದರಬೇಕಿಲ್ಲ. 11-ಸ್ಪೀಡ್ ರೋಡ್ ಫ್ರೀಹಬ್ ಹಳೆಯದಕ್ಕಿಂತ 1.85 ಮಿ.ಮೀ. ಉದ್ದ, ಅಷ್ಟೇ. ಅಷ್ಟೇ ದಪ್ಪದ ಸ್ಪೇಸರ್ ಒಂದನ್ನು ಮೊದಲು ಒಳಕ್ಕೆ, ಕಡ್ಡಿಗಳ ಕಡೆಗೆ ತೂರಿಸಿ, ಮೇಲೆ ಕ್ಯಾಸೆಟ್ ಕೂರಿಸಬೇಕು. 105 5700, ಅಲ್ಟೆಗ್ರಾ 6700ರಂಥ ಕೆಲವು 10-ಸ್ಪೀಡ್ ಕ್ಯಾಸೆಟ್ಟುಗಳಿಗೆ ಇದರ ಮೇಲೆ ಇನ್ನೊಂದು 1 ಮಿ.ಮೀ. ವಾಷರ್ ಬೇಕು, 4600ರ ಕ್ಯಾಸೆಟ್ಟಿಗೆ ಬೇಡ. ಈ 1 ಮಿ.ಮೀ. ತೆಳು ವಾಷರ್ ಹಳೆ ಚಕ್ರದ ಜೊತೆಗೇ ಅಂಟಿಕೊಂಡು ಉಳಿದು ಕಳೆದುಹೋಗುವುದು ನಿತ್ಯದ ಕಥೆ. ನೆನಪಿಗಿಂತ ಕೈಯನ್ನು ನಂಬಿ: ಕ್ಯಾಸೆಟ್ಟನ್ನು ಬಿಗಿಹಿಡಿಯುವ ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿದ ಮೇಲೆ ದೊಡ್ಡ ಹಲ್ಲುಚಕ್ರ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಒಳಗೆ ವಾಷರ್ ಕಡಿಮೆ. ಲಾಕ್‌ರಿಂಗ್ ಒಂದೆರಡು ಎಳೆಯಷ್ಟೇ ಹಿಡಿದು ನಿಂತರೆ ಹೆಚ್ಚಾಗಿದೆ.

ಎದುರು ದಿಕ್ಕಿನ ಸಮಸ್ಯೆಯೂ ಇದೆ. 11-ಸ್ಪೀಡ್ ಶಿಫ್ಟರು, ಡಿರೇಲರ್ ಜೋಡಿ ಸಿಕ್ಕಿದೆ, ಚಕ್ರ ಮಾತ್ರ ಹಳೆಯದು, ಫ್ರೀಹಬ್ 10ರದ್ದು. ಸಾಮಾನ್ಯ 11-ಸ್ಪೀಡ್ ರೋಡ್ ಕ್ಯಾಸೆಟ್ ಅದರ ಮೇಲೆ ಕೂರದು. ಎಚ್‌ಜಿ700, ಎಚ್‌ಜಿ800 ಎಂಬ 11-34 ಕ್ಯಾಸೆಟ್ಟುಗಳು ಕೂರುತ್ತವೆ, ಏಕೆಂದರೆ ಅವುಗಳ ದೊಡ್ಡ ಹಲ್ಲುಚಕ್ರ ಒಳಕ್ಕೆ ಬಾಗಿ ಕಡ್ಡಿಗಳ ಮೇಲೆ ಚಾಚಿಕೊಳ್ಳುತ್ತದೆ. ಇಲ್ಲವೆಂದರೆ 11ರಲ್ಲಿ ಒಂದು ಹಲ್ಲುಚಕ್ರ ತೆಗೆದು ಹತ್ತನ್ನೇ ಕೂರಿಸಿ, ಡಿರೇಲರ್ ಎಲ್ಲೆ ದಾಟದಂತೆ ತಡೆಯುವ ಲಿಮಿಟ್ ಸ್ಕ್ರೂ ಬಿಗಿದು, ಒಂದು ಕ್ಲಿಕ್ಕನ್ನು ಖಾಲಿ ಬಿಡುವುದು. ಅಂತರ 11ರದ್ದೇ ಆದ್ದರಿಂದ ಗೇರು ನೀಟಾಗಿ ಬೀಳುತ್ತದೆ. 12-ಸ್ಪೀಡಿನ ಶಿಮಾನೊ ರೋಡ್ ಕ್ಯಾಸೆಟ್ 11ರ ಫ್ರೀಹಬ್ಬಿನ ಮೇಲೆ ನೇರವಾಗಿ ಕೂರುತ್ತದೆ. ಶಿಮಾನೊದ ಪ್ರತಿಸ್ಪರ್ಧಿ ಸ್ರಾಮ್‌ನ 12-ಸ್ಪೀಡ್ ರೋಡ್ ಚೈನು ಮಾತ್ರ ಬೇರೆ ಜಾತಿ, ಅದರ ರೋಲರುಗಳೇ ದಪ್ಪ. ಅದನ್ನು ಬೆರಕೆಗೆ ಸೇರಿಸಬೇಡಿ.

ಫ್ರೀಹಬ್ ಅಲ್ಯೂಮಿನಿಯಮ್ಮಿನದಾಗಿದ್ದರೆ ಹಳೆ ಕ್ಯಾಸೆಟ್ ತೆಗೆಯುವಾಗಲೇ ನೋಡಿ. ಬಿಡಿ ಬಿಡಿ ಹಲ್ಲುಚಕ್ರಗಳು ಅದರ ಗೆರೆಗಳಿಗೆ ಕಚ್ಚಿ ಗಾಯ ಮಾಡಿರುತ್ತವೆ. ಸಣ್ಣ ಅರದಿಂದ ಆ ಏಣು ಉಜ್ಜಿ ಹಾಕದೆ ಹೊಸದನ್ನು ಕೂರಿಸಿದರೆ ಅದು ಪೂರ್ತಿ ಒಳಗೆ ಹೋಗದೆ ವಾರೆಯಾಗಿ ನಿಲ್ಲುತ್ತದೆ. ಆಮೇಲೆ ದೋಷ ಹುಡುಕುತ್ತ ಡಿರೇಲರಿನ ಹತ್ತಿರ ಕೂತು ಪ್ರಯೋಜನವಿಲ್ಲ. ಮುಂಬಯಿಯಿಂದ ಬಂದ ಬೈಕಾದರೆ ಕಡಲ ಗಾಳಿಯ ಉಪ್ಪು ಲಾಕ್‌ರಿಂಗನ್ನೂ ಹಿಡಿದು ಬಿಟ್ಟಿರುತ್ತದೆ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡುವುದು ಒಳ್ಳೆಯದು.

ಚೈನಿನ ವಿಷಯ ಹೆಚ್ಚಿಲ್ಲ. ಕೊಂಡಿಯಿಂದ ಕೊಂಡಿಗೆ ಎಲ್ಲವೂ ಅರ್ಧ ಇಂಚು. ಬದಲಾಗುವುದು ಹೊರಗಿನ ಅಗಲ: 8ಕ್ಕೆ 7.1 ಮಿ.ಮೀ., 9ಕ್ಕೆ 6.6, 10ಕ್ಕೆ 5.9, 11ಕ್ಕೆ 5.5ರ ಆಸುಪಾಸು. ಕ್ಯಾಸೆಟ್ಟಿನ ಎಣಿಕೆಯ ಚೈನು ಹಾಕಿ. ಒಂದು ಮೆಟ್ಟಿಲು ತೆಳುವಾದದ್ದು ನಡೆಯುತ್ತದೆ, ದಪ್ಪವಾದದ್ದು ಪಕ್ಕದ ಹಲ್ಲುಚಕ್ರಕ್ಕೆ ಉಜ್ಜುತ್ತದೆ. ಹಳೆ 9-ಸ್ಪೀಡ್ ಕ್ರ್ಯಾಂಕಿನ ಮೇಲೆ 10ರ ಚೈನು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಎರಡು ರಿಂಗುಗಳ ನಡುವಿನ ಅಗಲ ತುಸು ಹೆಚ್ಚಿರುವುದರಿಂದ ಒಮ್ಮೊಮ್ಮೆ ಮಧ್ಯೆ ಸಿಕ್ಕು ಜಾರಬಹುದು, ಅಷ್ಟೇ.

ಉದ್ದದಲ್ಲಿ ಮಾತ್ರ ಅಂದಾಜು ಬೇಡ. ಹಳೆ ಚೈನಿನ ಪಕ್ಕ ಹೊಸದನ್ನು ಇಟ್ಟು ಕತ್ತರಿಸುವ ಅಭ್ಯಾಸ 25ರಿಂದ 34ಕ್ಕೆ ಹೋಗುವಾಗ ಕೈಕೊಡುತ್ತದೆ. ಡಿರೇಲರಿನೊಳಗೆ ತೂರಿಸದೆ ಮುಂದಿನ ದೊಡ್ಡದು, ಹಿಂದಿನ ದೊಡ್ಡದರ ಮೇಲೆ ಸುತ್ತಿ, ಎರಡು ತುದಿ ಸೇರುವ ಕಡೆಯಿಂದ ಒಂದಿಂಚು, ಅಂದರೆ ಒಂದು ಒಳಕೊಂಡಿ ಒಂದು ಹೊರಕೊಂಡಿ, ಹೆಚ್ಚು ಬಿಡಬೇಕು. ಕಾಗದದ ಮೇಲೂ ಪರೀಕ್ಷಿಸಬಹುದು. ಬಾಟಮ್ ಬ್ರ್ಯಾಕೆಟ್ಟಿನ ನಡುವಿನಿಂದ ಹಿಂದಿನ ಆಕ್ಸಲ್ ನಡುವಿಗೆ 405 ಮಿ.ಮೀ. ಎಂದರೆ 15.94 ಇಂಚು, ಅದರ ಎರಡರಷ್ಟು 31.88. ಇದಕ್ಕೆ 50ರ ಕಾಲುಭಾಗ 12.5, 34ರ ಕಾಲುಭಾಗ 8.5, ಮೇಲೊಂದು ಇಂಚು. ಒಟ್ಟು 53.88, ಪೂರ್ತಿ ಮಾಡಿದರೆ 54 ಇಂಚು, 108 ಕೊಂಡಿ. ಡಬ್ಬಿಯಲ್ಲಿ 114 ಅಥವಾ 116 ಬರುತ್ತದೆ. ಇದಕ್ಕಿಂತ ಗಿಡ್ಡ ಮಾಡಿದರೆ, ಏರಿನ ನಡುವೆ ಮರೆತು ದೊಡ್ಡದಕ್ಕೆ ದೊಡ್ಡದು ಹಾಕಿದ ದಿನ ಡಿರೇಲರ್ ತಾನು ನೇತುಬಿದ್ದ ಹ್ಯಾಂಗರನ್ನೂ ಕಿತ್ತುಕೊಂಡು ಕಡ್ಡಿಗಳೊಳಗೆ ಹೋಗುತ್ತದೆ.

ಹ್ಯಾಂಗರ್ ಎಂದಾಗ ಒಂದು ಮಾತು. ಹಬ್ಬಕ್ಕೆ ಊರಿಗೆ ಹೋಗುವಾಗ ಬಸ್ಸಿನ ಹೊಟ್ಟೆಯಲ್ಲಿ ಸೂಟ್‌ಕೇಸುಗಳ ನಡುವೆ ಮಲಗಿ ಹೋದ ಬೈಕಿನ ಹ್ಯಾಂಗರ್ ಸೊಟ್ಟಗಾಗದೆ ಉಳಿದರೆ ಅದೇ ಭಾಗ್ಯ. ಬಲಬದಿ ಕೆಳಗೆ ಮಲಗಿಸಿದರಂತೂ ಕೇಳಲೇಬೇಡಿ. ಹ್ಯಾಂಗರ್ ಗೇಜಿನಿಂದ ರಿಮ್ಮಿನ ನಾಲ್ಕು ಕಡೆ ಅಳೆದು, ವ್ಯತ್ಯಾಸ 4 ಮಿ.ಮೀ. ಒಳಗೆ ತಂದ ಮೇಲೆಯೇ ಗೇರು ಕೂರಿಸಲು ಹೊರಡಬೇಕು. 8-ಸ್ಪೀಡಿನಲ್ಲಿ ಕಾಣದಿದ್ದ ಸೊಟ್ಟ 10ರಲ್ಲಿ, 11ರಲ್ಲಿ ಎದ್ದು ಕಾಣುತ್ತದೆ. ಹೊಸ ಭಾಗ ಹಾಕಿದ ದಿನವೇ ಕಂಡದ್ದರಿಂದ ಬೈಗುಳ ಬೆರಕೆಗೆ ಬೀಳುತ್ತದೆ.

ಇನ್ನು ಮೊದಲು ಬಾಕಿ ಬಿಟ್ಟ ಪ್ರಶ್ನೆ: 3.91ಕ್ಕೂ 3.95ಕ್ಕೂ ಇರುವ ಕೊರತೆಯನ್ನು ಯಾರು ತುಂಬುತ್ತಾರೆ? ಡಿರೇಲರಿನ ಮೇಲಿನ ಪುಲ್ಲಿ, ಚೈನು ಹಾದುಹೋಗುವ ಪುಟ್ಟ ಹಲ್ಲುಚಕ್ರ. ಅದನ್ನು ಎರಡು ಬೆರಳಲ್ಲಿ ಹಿಡಿದು ಅಕ್ಷದ ಉದ್ದಕ್ಕೆ ಅಲ್ಲಾಡಿಸಿ ನೋಡಿ, ತುಸು ಆಚೀಚೆ ಸರಿಯುತ್ತದೆ. ಸವೆದು ಸಡಿಲಾದದ್ದಲ್ಲ, ಹಾಗೆಯೇ ಮಾಡಿದ್ದು. ಚೈನು ತಾನಾಗಿ ಹಲ್ಲಿನ ನೇರಕ್ಕೆ ಬರಲಿ ಎಂದು ಬಿಟ್ಟ ಜಾಗ ಅದು. ಕೆಳಗಿನ ಪುಲ್ಲಿಗೆ ಆ ಸಡಿಲ ಇಲ್ಲ. ತೊಳೆಯಲು ಬಿಚ್ಚಿ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಜೋಡಿಸಿದ ಡಿರೇಲರುಗಳು ಎಷ್ಟೋ ಓಡಾಡುತ್ತಿವೆ. ಎಲ್ಲ ಸರಿಯಿದ್ದೂ ಗೇರು ಒರಟಾಗಿ ಬಿದ್ದರೆ ಮೊದಲು ಅಲ್ಲಿ ಬೆರಳಿಡಿ. ಬೆರಕೆಯಲ್ಲಿ ಸಣ್ಣ ವ್ಯತ್ಯಾಸ ಉಳಿದಿದ್ದರೆ ಇನ್ನೊಂದು ಉಪಾಯವಿದೆ: ಚಿಕ್ಕ ಹಲ್ಲುಚಕ್ರದಿಂದ ಶುರುಮಾಡದೆ ನಡುವಿನ ಐದನೆಯದನ್ನು ಸರಿಯಾಗಿ ನೇರಕ್ಕೆ ತನ್ನಿ. ತಪ್ಪು ಎರಡೂ ಕಡೆಗೆ ಹಂಚಿಹೋಗಿ ಪುಲ್ಲಿಯ ಸಡಿಲದೊಳಗೆ ಮುಚ್ಚಿಹೋಗುತ್ತದೆ.

ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಚೈನೇ ಹೇಳುತ್ತದೆ, ಕೇಳಿಸಿಕೊಳ್ಳಬೇಕು. ಒಂದು ತುದಿಯಲ್ಲಿ ಚೆನ್ನಾಗಿದ್ದು ಇನ್ನೊಂದು ತುದಿಗೆ ಹೋಗುತ್ತ ಹೋಗುತ್ತ ಕೆಡುತ್ತಿದ್ದರೆ ಲೆಕ್ಕದ ತಪ್ಪು, ಶಿಫ್ಟರು ಡಿರೇಲರ್ ಬೇರೆ ಮನೆಯವು, ಅಥವಾ ಹ್ಯಾಂಗರ್ ಸೊಟ್ಟ. ಎಲ್ಲ ಗೇರಿನಲ್ಲೂ ಒಂದೇ ತೆರ ತಡವಾದರೆ ಕೇಬಲ್ಲಿನ ಬಿಗಿ; ಬ್ಯಾರೆಲ್ ಅರ್ಧ ಸುತ್ತಿಗೆ ಮುಗಿಯುತ್ತದೆ. ದೊಡ್ಡದಕ್ಕೆ ಚೆನ್ನಾಗಿ ಏರಿ ಚಿಕ್ಕದಕ್ಕೆ ಇಳಿಯಲು ಮಾತ್ರ ಸೋಮಾರಿಯಾದರೆ ಕೇಬಲ್ ಒಳಗೆ ಹಿಡಿಯುತ್ತಿದೆ: ಏರಿಸುವಾಗ ಬೆರಳಿನ ಬಲವಿದೆ, ಇಳಿಸುವಾಗ ಇರುವುದು ಡಿರೇಲರಿನ ಸ್ಪ್ರಿಂಗ್ ಒಂದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯಲ್ಲಿ ಓಡಿದ ಬೈಕಿಗೆ ಈ ಕಾಯಿಲೆ ಕಟ್ಟಿಟ್ಟದ್ದು. ಹಿಂದಿನ ಡಿರೇಲರಿಗೆ ಹೋಗುವ ಕೊನೆಯ ತುಂಡು ಔಟರ್ (ಕೇಬಲ್ಲಿನ ಹೊರಕವಚ) ಬದಲಿಸಿದರೆ ಹೆಚ್ಚಿನಂಶ ಗುಣ. 4 ಮಿ.ಮೀ.ನ ಗೇರ್ ಔಟರನ್ನೇ ಹಾಕಿ. ಅಂಗಡಿಯಲ್ಲಿ ಮುಗಿದಿದೆ ಎಂದು ಬ್ರೇಕಿನ ಔಟರ್ ಹಾಕಿಕೊಟ್ಟರೆ ಒಪ್ಪಬೇಡಿ. ಅದರೊಳಗಿನ ತಂತಿ ಸುರುಳಿಯಾಗಿರುವುದರಿಂದ ಎಳೆದಾಗ ಒತ್ತಿಕೊಳ್ಳುತ್ತದೆ, ಮೇಲೆ ಹಾಕಿದ ಎಲ್ಲ ದಶಾಂಶಗಳೂ ಅಲ್ಲೇ ಕರಗುತ್ತವೆ. ನಿಂತು ತುಳಿದಾಗ ಮಾತ್ರ ಚೈನು ಜಿಗಿದರೆ ಹೊಂದಾಣಿಕೆಯ ಮಾತೇ ಅಲ್ಲ, ಹೊಸ ಚೈನಿನ ಕೆಳಗೆ ಸವೆದ ಹಲ್ಲುಚಕ್ರ ಇದೆ. ಹಳೆ ಕ್ಯಾಸೆಟ್ ಮೇಲೆ ಹೊಸ ಚೈನು ಹಾಕುವ ಉಳಿತಾಯ ಹೀಗೆ ಮುಗಿಯುತ್ತದೆ.

ಶಿಫ್ಟರನ್ನೇ ಬದಲಿಸುವವರು ಒಂದನ್ನು ಮರೆಯಬಾರದು: ಅದು ಬ್ರೇಕ್ ಲಿವರು ಕೂಡ. 5700, 6700ರಿಂದ ಈಚಿನ ಲಿವರುಗಳು ಹಳೆಯವಕ್ಕಿಂತ ಹೆಚ್ಚು ಬ್ರೇಕ್ ಕೇಬಲ್ ಎಳೆಯುತ್ತವೆ. ರಿಮ್ಮನ್ನು ಒತ್ತಿ ಹಿಡಿಯುವ ಹಳೆ ಕ್ಯಾಲಿಪರಿಗೆ ಜೋಡಿಸಿದರೆ ಲಿವರು ಗಟ್ಟಿಯಾಗಿ ಸಿಕ್ಕಂತೆ ಅನಿಸುತ್ತದೆ, ನಿಲ್ಲಿಸಲು ಮಾತ್ರ ಹೆಚ್ಚು ಒತ್ತಬೇಕು. ಹಳೆ ಲಿವರಿಗೆ ಹೊಸ ಕ್ಯಾಲಿಪರ್ ಹಾಕಿದರೆ ಉಲ್ಟಾ, ಲಿವರು ಹ್ಯಾಂಡಲ್ಲಿನ ತನಕ ಬಂದುಬಿಡಬಹುದು. ಗೇರು ತಪ್ಪಿದರೆ ಏರಿನಲ್ಲಿ ಇಳಿದು ತಳ್ಳಬಹುದು. ಇದನ್ನು ಚೋರ್ಲಾದ ಇಳಿಜಾರಿನಲ್ಲಿ ಕಂಡುಕೊಳ್ಳುವುದು ಬೇಡ. ಮನೆಯ ಮುಂದಿನ ರಸ್ತೆಯಲ್ಲೇ ನಾಲ್ಕು ಸಲ ಹಿಡಿದು ನೋಡಿ.

ಮುಂದಿನ ಡಿರೇಲರಿಗೂ ಸರಣಿಯಿಂದ ಸರಣಿಗೆ ಎಳೆತ ಬೇರೆ. ಅಲ್ಲಿ ಇರುವುದು ಎರಡೇ ನಿಲುಗಡೆ, ಲಿಮಿಟ್ ಸ್ಕ್ರೂಗಳು ಬಹಳಷ್ಟನ್ನು ಮುಚ್ಚಿಹಾಕುತ್ತವೆ. ಸ್ವಲ್ಪ ಉಜ್ಜುವ ಸದ್ದು ಉಳಿದೀತು. ಅದರ ಜೊತೆ ಬಾಳಬಹುದು.

ಕೊನೆಗೆ ಬಿ-ಸ್ಕ್ರೂ, ಡಿರೇಲರನ್ನು ಹಲ್ಲುಚಕ್ರಕ್ಕೆ ಹತ್ತಿರ ದೂರ ಮಾಡುವ ತಿರುಪು: ದೊಡ್ಡ ಹಲ್ಲುಚಕ್ರದ ತುದಿಗೂ ಮೇಲಿನ ಪುಲ್ಲಿಗೂ 5–6 ಮಿ.ಮೀ. ಬಿಟ್ಟರೆ ಸಾಕು. ಆಮೇಲೆ ಒಂದು ಚೀಟಿ ಬರೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೀಟ್ ಪೋಸ್ಟಿನೊಳಗೆ ತುರುಕಿಡಿ. ಎರಡು ವರ್ಷ ಬಿಟ್ಟು ಯಾವುದೋ ಅಂಗಡಿಯ ಹುಡುಗ ಇದನ್ನೆಲ್ಲ ಬಿಚ್ಚುವಾಗ ಅವನಿಗೆ ಡಬ್ಬಿಗಳು ಸಿಗುವುದಿಲ್ಲ. ಕನ್ನಡ ಬಾರದವನಾದರೂ ಅಂಕಿ ಓದಿಕೊಳ್ಳುತ್ತಾನೆ (ಆರ್‌ಡಿ ಅಂದರೆ ಹಿಂದಿನ ಡಿರೇಲರ್):

ಶಿಫ್ಟರು 4600. ಆರ್‌ಡಿ ಅಲಿವಿಯೊ 9. ಹಬ್ 11, ಒಳಗೆ 1.85 ಸ್ಪೇಸರ್. ಕ್ಯಾಸೆಟ್ 10, 11-34. ಚೈನು 10, ಕೊಂಡಿ 108. 4700 ಹಾಕಬೇಡ.